ದೊಡ್ಡಪ್ಪನ ಹಾರ್ಲಿಕ್ಸ್ ಬಾಟ್ಲಿ ಮತ್ತು ನನ್ನ ಫಜ್ ಪೆಡಲ್

ತಿಪಟೂರಲ್ಲಿ ನಮ್ಮ ದೊಡ್ಡಪ್ಪಂದು ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಮನೆಮನೆಗೆ ಟಿವಿ ಬಂದ್ಮೇಲೂ ಸುಮಾರು ವರ್ಷ ನಡೆಸಿದ್ರು, ಆಮೇಲೆ ಮುಚ್ಚಿ ಸಾಮಾನೆಲ್ಲ ಅಟ್ಟಕ್ಕೆ ಹಾಕಿದ್ರು. ಹೋದ ವರ್ಷ ಡಿಸೆಂಬರಲ್ಲಿ ಊರಿಗೆ ಹೋದಾಗ ಊಟ ಮಾಡ್ತಾ ಕೇಳ್ದೆ, "ದೊಡ್ಡಪ್ಪ, ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಏನಾದ್ರೂ ಉಳಿದಿದಾವಾ ನಿಮ್ಹತ್ರ?" ಅವರು ತಲೆ ಎತ್ತಿ "ಯಾವ್ದೋ, ಎಸಿ128ಆ?" ಅಂದ್ರು. ನಾನು ನಂಬರ್ ಹೇಳೇ ಇರ್ಲಿಲ್ಲ, ನಂಗೆ ಬೇಕಿದ್ದಿದ್ದು ಅದೇ, ಗಿಟಾರಿನ ಸದ್ದನ್ನ ಗರಗರ ಮಾಡೋ ಫಜ್ ಪೆಡಲ್ ಒಂದನ್ನ ಕಟ್ಟೋಕೆ.

ಸಾಯಂಕಾಲ ಅಟ್ಟ ಹತ್ತಿದ್ವಿ. ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಸಣ್ಣ ಸಣ್ಣ ಲೋಹದ ಡಬ್ಬಿ ಥರದ ಟ್ರಾನ್ಸಿಸ್ಟರ್‌ಗಳು, ಕಾಲುಗಳೆಲ್ಲ ಒಂದಕ್ಕೊಂದು ಸಿಕ್ಕಾಕ್ಕೊಂಡು. ಹಳೇ ಟ್ರಾನ್ಸಿಸ್ಟರ್ ರೇಡಿಯೋಗಳ ಔಟ್‌ಪುಟ್‌ನಲ್ಲಿ ಎರಡೆರಡು ಎಸಿ128 ಜೋಡಿಯಾಗಿ ಇರ್ತಿತ್ತು, ಒಂದು ಹೋದ್ರೂ ಜೋಡಿನೇ ಬದಲಾಯಿಸ್ತಿದ್ರಂತೆ, ಹಂಗೆ ಬಿಚ್ಚಿದ್ದರಲ್ಲಿ ಚೆನ್ನಾಗಿದ್ದಿದ್ದು ಬಾಟ್ಲಿಗೆ ಬೀಳ್ತಿತ್ತು. ಆರಿಸಿದಾಗ 14 ಸಿಕ್ತು. ಹೆಚ್ಚಿನವುಗಳ ಮೇಲೆ ಬಿಇಎಲ್, ಅಂದ್ರೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂತ ಮಾಸಿದ ಅಚ್ಚು. ಬಿಇಎಲ್‌ನೋರು 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ಮಾಡೋಕೆ ಶುರು ಮಾಡಿದ್ರು. ನಾನಿರೋದು ವಿದ್ಯಾರಣ್ಯಪುರದಲ್ಲಿ, ಬಿಇಎಲ್ ಸರ್ಕಲ್ಲಿಂದ ಸ್ವಲ್ಪ ದೂರ. ಇಲ್ಲೇ ಪಕ್ಕದಲ್ಲಿ ಹುಟ್ಟಿದ ವಸ್ತು ತಿಪಟೂರಿನ ಅಟ್ಟದ ಮೇಲೆ ಅಷ್ಟು ವರ್ಷ ಕೂತಿದ್ದು ಈಗ ನನ್ನ ಬ್ಯಾಗಲ್ಲಿ ವಾಪಸ್ ಬರ್ತಿದೆ ಅಂತ ಬಸ್ಸಲ್ಲಿ ಪೂರ್ತಿ ಅದೇ ಯೋಚನೆ ನಂಗೆ.

ಅಟ್ಟದ ಮೇಲೆ ಇನ್ನೊಂದು ನೋಡ್ದೆ. ಅಲ್ಲಿದ್ದ ಒಂದೆರಡು ರೇಡಿಯೋಗಳ ಹಿಂದಿನ ಮುಚ್ಚಳದ ಒಳಗೆ ದೊಡ್ಡಪ್ಪ ಪೆನ್ಸಿಲಲ್ಲಿ ಸಣ್ಣಕ್ಕೆ ಬರೆದಿದ್ರು, ಯಾವ ತಾರೀಖು, ಏನು ಬದಲಾಯಿಸಿದ್ದು, ಎಷ್ಟು ವೋಲ್ಟ್ ಬಂತು. "ಮುಂದಿನ ಸಲ ಬಿಚ್ಚೋನಿಗೆ ಗೊತ್ತಾಗ್ಬೇಕಲ್ಲೋ" ಅಂದ್ರು.

ಈಗ ಪೆಡಲ್ ವಿಷ್ಯ. ನಾನು ಕಟ್ಟೋಕೆ ಹೊರಟಿದ್ದು ಫಜ್ ಫೇಸ್ ಸರ್ಕ್ಯೂಟ್, 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದಿದ್ದು, ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದ ಆ ದುಂಡು ಡಬ್ಬಿ. ಅದಕ್ಕೂ ಹಿಂದೆ 1961ರಲ್ಲಿ ಬಂದ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಹಾಡೊಂದರಲ್ಲಿ ಗಿಟಾರಿಸ್ಟ್ ಗ್ರೇಡಿ ಮಾರ್ಟಿನ್ ನುಡಿಸಿದ ಸೋಲೋ, ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು ಗರಗರ ಅಂತ ರೆಕಾರ್ಡ್ ಆಗಿದ್ದನ್ನ ಹಂಗೇ ಇಟ್ಕೊಂಡ್ರು, ಜನಕ್ಕೆ ಹಿಡಿಸ್ತು, 1962ರಲ್ಲಿ ಮಾಯೆಸ್ಟ್ರೋ ಫಜ್ ಟೋನ್ ಅಂತ ಆ ಸದ್ದಿಗೇ ಒಂದು ಪೆಡಲ್ ಬಂತು. ಅಂದ್ರೆ ಈ ಇಡೀ ಸದ್ದು ಹುಟ್ಟಿದ್ದೇ ಒಂದು ರಿಪೇರಿ ಕೇಸಿಂದ. ದೊಡ್ಡಪ್ಪ ಜೀವನ ಪೂರ್ತಿ ಯಾವ ಸದ್ದನ್ನ ರೇಡಿಯೋದಿಂದ ತೆಗೀತಿದ್ರೋ ಅದನ್ನ ನಾನು ಬೇಕು ಅಂತ ಕಟ್ತಿದೀನಿ. ಅವರಿಗೆ ಇದನ್ನ ಹೇಳಿದಾಗ "ಆಯ್ತು ಕಟ್ಟು, ಆದ್ರೆ ಲೀಕೇಜ್ ನೋಡ್ಕೊಂಡು ಕಟ್ಟು" ಅಂದ್ರು ಅಷ್ಟೆ. ಆ ಮಾತಿನ ತೂಕ ನಂಗೆ ನಾಲ್ಕು ತಿಂಗಳಾದ್ಮೇಲೆ ಗೊತ್ತಾಗಿದ್ದು.

ಸರ್ಕ್ಯೂಟ್ ನೋಡೋಕೆ ತುಂಬಾ ಚಿಕ್ಕದು, ಎರಡು ಪಿಎನ್‌ಪಿ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ನಾಬ್ ತಿರುಗಿಸಿ ಬದಲಾಯಿಸೋ ರೆಸಿಸ್ಟರ್). ಟ್ರಾನ್ಸಿಸ್ಟರಿಗೆ ಮೂರು ಕಾಲು, ಬೇಸ್, ಕಲೆಕ್ಟರ್, ಎಮಿಟರ್; ರೆಸಿಸ್ಟರಲ್ಲಿ ಕೆ ಅಂದ್ರೆ ಸಾವಿರ ಓಮ್. ಗಿಟಾರ್ ಸಿಗ್ನಲ್ 2.2 ಮೈಕ್ರೋಫ್ಯಾರಡ್ ಮೂಲಕ ಮೊದಲನೇ ಟ್ರಾನ್ಸಿಸ್ಟರ್ ಬೇಸಿಗೆ ಹೋಗತ್ತೆ, ಅದರ ಕಲೆಕ್ಟರಿಗೆ 33ಕೆ, ಆ ಕಲೆಕ್ಟರಿಂದ ನೇರ ಎರಡನೇದರ ಬೇಸಿಗೆ, ಮಧ್ಯ ಕೆಪಾಸಿಟರ್ ಇಲ್ಲ. ಎರಡನೇದರ ಎಮಿಟರಿಂದ 1ಕೆ ಫಜ್ ಪಾಟ್ ಗ್ರೌಂಡಿಗೆ, ಪಾಟಿನ ಮಧ್ಯದ ಕಾಲಿಂದ 20 ಮೈಕ್ರೋಫ್ಯಾರಡ್ಡೂ ಗ್ರೌಂಡಿಗೆ, ಎಮಿಟರಿಂದಲೇ 100ಕೆ ಒಂದು ವಾಪಸ್ ಮೊದಲನೇದರ ಬೇಸಿಗೆ. ಎರಡನೇ ಕಲೆಕ್ಟರಲ್ಲಿ 8.2ಕೆ, ಅದರ ಮೇಲೆ 470 ಓಮ್, ಅವೆರಡರ ಮಧ್ಯದಿಂದ 0.01 ಮೈಕ್ರೋಫ್ಯಾರಡ್ ಮೂಲಕ ಔಟ್‌ಪುಟ್, 500ಕೆ ವಾಲ್ಯೂಮ್. ಮುಗೀತು. ಇದರಲ್ಲಿ ಯಾವುದೂ ಯಾವುದರಿಂದಲೂ ಬೇರೆ ಇಲ್ಲ, ಮೊದಲನೇ ಟ್ರಾನ್ಸಿಸ್ಟರಲ್ಲಿ ಚೂರು ಏನೋ ಆದ್ರೂ ಎರಡನೇದು ಪೂರ್ತಿ ಜಾಗ ಬಿಡತ್ತೆ.

ಆರಿಸೋ ಕೆಲ್ಸಕ್ಕೆ ಒಂದು ವಾರ ಹಿಡೀತು, ನನ್ನ ಪ್ರಕಾರ ಅರ್ಧ ಪೆಡಲ್ ಅಲ್ಲೇ ಇರೋದು. ಮಲ್ಟಿಮೀಟರಿನ ಎಚ್‌ಎಫ್‌ಇ (ಗೇನ್, ಅಂದ್ರೆ ಟ್ರಾನ್ಸಿಸ್ಟರ್ ಕರೆಂಟನ್ನ ಎಷ್ಟು ಪಟ್ಟು ಹಿಗ್ಗಿಸತ್ತೆ ಅಂತ ಅಳೆಯೋ) ತೂತಿಗೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿ ಬಂದ ನಂಬರ್ ನಂಬ್ಬೇಡಿ. ಜರ್ಮೇನಿಯಂ ಸೋರತ್ತೆ, ಬೇಸಿಗೆ ಏನೂ ಕೊಡದೇ ಇದ್ರೂ ಕಲೆಕ್ಟರಲ್ಲಿ ಕರೆಂಟ್ ಹರೀತಿರತ್ತೆ, ಮೀಟರ್ ಆ ಸೋರಿಕೆನೂ ಸೇರಿಸಿ ಗೇನ್ ಅಂತ ತೋರಿಸಿಬಿಡತ್ತೆ. ನನ್ನಲ್ಲಿ ಒಂದು 160 ಅಂತ ತೋರಿಸಿದ್ದು ಸರಿಯಾಗಿ ಅಳೆದಾಗ 75 ಇತ್ತು. ಸರಿಯಾಗಿ ಅಳೆಯೋದು ಹೆಂಗೆ ಅಂದ್ರೆ, 9 ವೋಲ್ಟ್ ಬ್ಯಾಟರಿ, ಕಲೆಕ್ಟರಿಗೆ 2.47ಕೆ (ನಾನು 2.2ಕೆ ಜೊತೆ 270 ಓಮ್ ಸೇರಿಸಿ ಮಾಡ್ದೆ), ಬೇಸಿಗೆ ಒಂದು ಸ್ವಿಚ್ ಮೂಲಕ 2.2 ಮೆಗ್. ಸ್ವಿಚ್ ಒತ್ತದೇ ಇದ್ದಾಗ 2.47ಕೆ ಮೇಲೆ ಬರೋ ವೋಲ್ಟೇಜ್ ಪೂರ್ತಿ ಸೋರಿಕೆ, ಸುಮಾರು ಕಾಲು ವೋಲ್ಟ್ ಬಂದ್ರೆ 100 ಮೈಕ್ರೋಆಂಪ್. ಸ್ವಿಚ್ ಒತ್ತಿದಾಗ ಬೇಸಿಗೆ ಸುಮಾರು 4 ಮೈಕ್ರೋಆಂಪ್ ಹೋಗತ್ತೆ, ಆಗ ಬರೋ ವೋಲ್ಟೇಜಿಂದ ಸೋರಿಕೆ ಕಳೆದು ನೂರರಿಂದ ಗುಣಿಸಿದ್ರೆ ನಿಜವಾದ ಗೇನ್. ಇನ್ನೊಂದು, ಬೆರಳಲ್ಲಿ ಮುಟ್ಟಿದ ತಕ್ಷಣ ಅಳೀಬೇಡಿ. ಕೈ ಬಿಸಿಗೇ ರೀಡಿಂಗ್ ಮೇಲಕ್ಕೆ ಹೋಗತ್ತೆ, ಇಳಿಯೋಕೆ ನಾಲ್ಕೈದು ನಿಮಿಷ ಕಾಯ್ಬೇಕು. ಮೊದಲ ಸಲ ಬೆರಳಿಟ್ಟು ಆ ನಂಬರ್ ಏರೋದು ನೋಡಿದಾಗ ಮೈ ಜುಮ್ ಅಂತು, ಅಷ್ಟು ಹಳೇ ವಸ್ತು ನನ್ನ ಬೆರಳಿನ ಬಿಸಿ ಗುರುತಿಸ್ತಿದೆ.

14ರಲ್ಲಿ 3 ಪೂರ್ತಿ ಸತ್ತಿತ್ತು, 5 ವಿಪರೀತ ಸೋರ್ತಿತ್ತು, 6 ಬಳಸೋ ಹಾಗಿತ್ತು. ಈ ಸರ್ಕ್ಯೂಟಿಗೆ ಮೊದಲನೇದು 70ರಿಂದ 80ರ ಹತ್ತಿರ, ಎರಡನೇದು 110-120ರ ಹತ್ತಿರ ಗೇನ್ ಇದ್ರೆ ಚೆಂದ ಅಂತ ಕಟ್ಟೋರೆಲ್ಲ ಹೇಳ್ತಾರೆ. ನಾನು ಮೊದಲನೇದಕ್ಕೆ ಗೇನ್ 82, ಸೋರಿಕೆ 150 ಮೈಕ್ರೋಆಂಪ್ ಇದ್ದಿದ್ದನ್ನ ಆರಿಸ್ದೆ, ಎರಡನೇದಕ್ಕೆ ಗೇನ್ 115. ಗೇನ್ 74, ಸೋರಿಕೆ ಬರೀ 60 ಇದ್ದಿದ್ದು ಇನ್ನೊಂದಿತ್ತು, ಅದನ್ನ ಬಾಟ್ಲಿಗೆ ವಾಪಸ್ ಹಾಕ್ದೆ. 82 ಅನ್ನೋ ನಂಬರ್ ಮೇಲೆ ಮನಸ್ಸು ಹೋಗಿತ್ತು, 200ರ ಒಳಗೆ ಸೋರಿದ್ರೆ ನಡೆಯತ್ತೆ ಅಂತ ಓದಿದ್ದೆ ಬೇರೆ.

ಇದಕ್ಕೂ ಮುಂಚೆ ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ) ಒಂದು ಅಂಗಡಿಯಿಂದ ಹೊಸದು ಅಂತ ನಾಲ್ಕು ಎಸಿ128 ತಂದಿದ್ದೆ, ಅದನ್ನೂ ಹೇಳ್ಬಿಡ್ತೀನಿ. ಅಚ್ಚು ತುಂಬಾ ನೀಟಾಗಿತ್ತು. ಮೀಟರನ್ನ ಡಯೋಡ್ ಮೋಡಿಗೆ ಹಾಕಿ ಬೇಸ್-ಎಮಿಟರ್ ಅಳೆದ್ರೆ 0.65 ಬಂತು. ಜರ್ಮೇನಿಯಂ ಆಗಿದ್ರೆ 0.2ರ ಆಸುಪಾಸು ಬರ್ಬೇಕು. ಒಳಗಿದ್ದಿದ್ದು ಸಿಲಿಕಾನ್. ದುಡ್ಡು ಕೊಡೋ ಮುಂಚೆ ಅಂಗಡೀಲೇ ಇದೊಂದು ಚೆಕ್ ಮಾಡಿ, ಹತ್ತು ಸೆಕೆಂಡಿನ ಕೆಲ್ಸ.

ಮಿಕ್ಕ ಸಾಮಾನೆಲ್ಲ ಎಸ್‌ಪಿ ರೋಡಲ್ಲೇ ಒಂದು ಶನಿವಾರದಲ್ಲಿ ಸಿಕ್ತು. ಡಾಟ್ ಪಿಸಿಬಿ ಮೇಲೆ ಕಟ್ಟಿದೆ, ಟ್ರಾನ್ಸಿಸ್ಟರಿಗೆ ಸಾಕೆಟ್ ಹಾಕ್ದೆ, ಬೆಸುಗೆ ಬಿಸಿ ತಾಗದ ಹಾಗೆ, ಆಮೇಲೆ ಬದಲಾಯಿಸೋಕೂ ಸುಲಭ. ಎಸಿ128ರಲ್ಲಿ ಚುಕ್ಕೆ ಇರೋ ಕಡೆ ಕಾಲು ಕಲೆಕ್ಟರ್, ಮಧ್ಯದ್ದು ಬೇಸ್. ಪಿಎನ್‌ಪಿ ಆಗಿರೋದ್ರಿಂದ ಬ್ಯಾಟರಿಯ ಪ್ಲಸ್ಸು ಗ್ರೌಂಡಿಗೆ ಹೋಗತ್ತೆ, ಮೈನಸ್ಸು ಸರ್ಕ್ಯೂಟಿಗೆ. ಹಾಗಾಗಿ ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಂದ ವೈರ್ ಎಳೆದು ಇದಕ್ಕೂ ಕೊಟ್ರೆ ನೇರ ಶಾರ್ಟ್ ಆಗತ್ತೆ, ಇದಕ್ಕೆ ಬೇರೆ ಬ್ಯಾಟರಿನೇ ಇರ್ಲಿ. ಎಲ್‌ಇಡಿ ಬಿಟ್ಟು ಇಡೀ ಸರ್ಕ್ಯೂಟ್ ಕುಡಿಯೋದು 1 ಮಿಲಿಆಂಪಿಗಿಂತ ಕಮ್ಮಿ, ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರತ್ತೆ. ಇನ್‌ಪುಟ್ಟಿಗೆ ಸ್ಟೀರಿಯೋ ಜಾಕ್ ಹಾಕಿ, ಕೇಬಲ್ ಚುಚ್ಚಿದಾಗ ಮಾತ್ರ ಬ್ಯಾಟರಿ ಕನೆಕ್ಟ್ ಆಗೋ ಹಾಗೆ ಮಾಡಿದೀನಿ.

ಆನ್ ಮಾಡಿ ಎರಡನೇ ಕಲೆಕ್ಟರ್ ಅಳೆದೆ. ಬ್ಯಾಟರಿಯ ಅರ್ಧ, ಅಂದ್ರೆ 4.5 ವೋಲ್ಟ್ ಇರ್ಬೇಕು, ಆಗ ಸಿಗ್ನಲ್ ಮೇಲೂ ಕೆಳಗೂ ಓಡಾಡೋಕೆ ಸಮ ಜಾಗ ಇರತ್ತೆ. ನಂದು 6.9 ತೋರಿಸ್ತು. ಸದ್ದು ಬರ್ತಿತ್ತು ಆದ್ರೆ ತೆಳ್ಳಗೆ, ನೋಟ್ ಕೊನೇಲಿ ಸುಯ್ ಅಂತ ಮಾಯವಾಗೋ ಬದಲು ಪಟಪಟ ಅಂತ ಕಡಿದು ಹೋಗ್ತಿತ್ತು. 8.2ಕೆ ತೆಗೆದು ಆ ಜಾಗಕ್ಕೆ ತಿರುಗಿಸಿದ್ರೆ ಬದಲಾಗೋ ಪುಟ್ಟ ರೆಸಿಸ್ಟರ್, 20ಕೆ ಟ್ರಿಮ್‌ಪಾಟ್ ಹಾಕಿ ತಿರುಗಿಸ್ತಾ ಬಂದೆ, ಸುಮಾರು 18ಕೆ ಹತ್ರ ಬಂದಾಗ 4.5 ಆಯ್ತು. ಆಗ ಇ ಸ್ಟ್ರಿಂಗ್ ಹೊಡೆದೆ ನೋಡಿ. ನೋಟ್ ದಪ್ಪಗೆ ಅರಳ್ಕೊಂಡು ಬಂತು, ಸಾಯ್ತಾ ಸಾಯ್ತಾ ಮೆತ್ತಗಾಯ್ತು, ಒಂಥರಾ ಬಿಸಿ ಬೆಲ್ಲದ ಪಾಕ ಸುರಿದ ಹಾಗೆ. ಗಿಟಾರಿನ ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿದ್ರೆ ಫಜ್ ಪೂರ್ತಿ ಮಾಯ, ಗಾಜಿನ ಹಾಗೆ ತಿಳಿ ಕ್ಲೀನ್ ಸದ್ದು. ಈ ಪೆಡಲಿನ ನಿಜವಾದ ಸೊಗಸು ಆ ಕ್ಲೀನ್ ಸದ್ದಲ್ಲೇ ಇರೋದು ಅಂತ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಒಳಬರೋ ಸಿಗ್ನಲ್ಲಿಗೆ ಒಡ್ಡೋ ತಡೆ) ತುಂಬಾ ಕಮ್ಮಿ, ಹಾಗಾಗಿ ಗಿಟಾರಿನ ಪಿಕಪ್ಪು, ವಾಲ್ಯೂಮ್ ಪಾಟು ಎಲ್ಲ ಸರ್ಕ್ಯೂಟಿನ ಭಾಗವೇ ಆಗ್ಬಿಡತ್ತೆ. ಇದರ ಮುಂದೆ ಬಫರ್ (ಗಿಟಾರನ್ನ ಮುಂದಿನ ಸರ್ಕ್ಯೂಟಿಂದ ಬೇರೆ ಮಾಡೋ ಸರ್ಕ್ಯೂಟ್) ಇರೋ ಟ್ಯೂನರ್ ಪೆಡಲ್ ಇಟ್ಟು ನೋಡ್ದೆ, ಎಲ್ಲಾ ಹೋಯ್ತು, ಕಿವಿ ಚುಚ್ಚೋ ಹಾಗಾಯ್ತು, ವಾಲ್ಯೂಮ್ ಇಳಿಸಿದ್ರೆ ಕ್ಲೀನ್ ಆಗ್ಲೇ ಇಲ್ಲ. ಗಿಟಾರಾದ್ಮೇಲೆ ಮೊದಲು ಇದೇ ಇರ್ಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ಜನವರಿ, ಫೆಬ್ರವರಿ ಪೂರ್ತಿ ಇದರ ಜೊತೆಗೇ ಇದ್ದೆ. ರಾತ್ರಿ ರೂಮಲ್ಲಿ 24 ಡಿಗ್ರಿ, ಸದ್ದು ಅಷ್ಟೇ ಸ್ಥಿರವಾಗಿ ಬರ್ತಿತ್ತು.

ಏಪ್ರಿಲಲ್ಲಿ ದಾವಣಗೆರೇಲಿ ಒಂದು ಕಾಲೇಜ್ ಫೆಸ್ಟ್. ಬಯಲಲ್ಲಿ ಶಾಮಿಯಾನ, ಮಧ್ಯಾಹ್ನ ಮೂರು ಗಂಟೆಗೆ ಸೌಂಡ್ ಚೆಕ್, ಪೆಡಲ್ ಬೋರ್ಡ್ ಬಿಸಿಲಲ್ಲೇ ಅರ್ಧ ಗಂಟೆ ಇತ್ತು. ಫಜ್ ಒತ್ತಿದೆ, ಸದ್ದೇ ಇಲ್ಲ. ಜೋರಾಗಿ ಹೊಡೆದ್ರೆ ಮಾತ್ರ ಫಟ್ ಅಂತ ಒಂದು ಉಗುಳಿ ನಿಲ್ತಿತ್ತು. ಬ್ಯಾಟರಿ ಬದಲಾಯಿಸ್ದೆ, ಕೇಬಲ್ ಬದಲಾಯಿಸ್ದೆ, ಏನಿಲ್ಲ. ಕೈ ನಡುಗೋಕೆ ಶುರುವಾಯ್ತು. ಎರಡು ಹಾಡು ಪೂರ್ತಿ ಆ ಸದ್ದಿನ ಮೇಲೇ ನಿಂತಿದ್ವು. ಏನು ತೋಚ್ತೋ ಗೊತ್ತಿಲ್ಲ, ದೊಡ್ಡಪ್ಪಂಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ ಆಂಪ್ ಮುಂದೆ ಹಿಡಿದು ನಾಲ್ಕು ನೋಟ್ ಹೊಡೆದೆ.

"ಬಯಾಸ್ ಹೋಗಿದೆ ಕಣೋ" ಅಂದ್ರು, ಒಂದು ಕ್ಷಣನೂ ಯೋಚ್ನೆ ಮಾಡ್ಲಿಲ್ಲ. ಬಯಾಸ್ ಅಂದ್ರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲೋ ಜಾಗ, ನಾನು ಹೊಂದಿಸಿದ್ದ ಆ 4.5 ವೋಲ್ಟ್. "ಎಲ್ಲಿದೀಯ?" ಅಂದ್ರು.

"ದಾವಣಗೆರೇಲಿ, ದೊಡ್ಡಪ್ಪ, ಬಿಸಿಲು ವಿಪರೀತ ಇದೆ."

"ಮತ್ತೆ! ಬೇಸಿಗೇಲಿ ಮಧ್ಯಾಹ್ನ ಹೊತ್ತಿಗೇ ರೇಡಿಯೋ ತಗೊಂಡು ಓಡ್ಬರೋರು ಜನ. ಜರ್ಮೇನಿಯಂಗೆ ಬಿಸಿ ಆಗಲ್ಲ. ಅದಕ್ಕೇ ಅವಾಗ ಔಟ್‌ಪುಟ್ ಬಯಾಸಲ್ಲಿ ಥರ್ಮಿಸ್ಟರ್ ಹಾಕ್ತಿದ್ದಿದ್ದು. ನೀನು ಹಾಕಿದೀಯಾ?"

"ಇಲ್ಲ ದೊಡ್ಡಪ್ಪ."

"ಹಂಗಿದ್ರೆ ನೆರಳಲ್ಲಿ ಇಟ್ಟು ತಣ್ಣಗೆ ಮಾಡು, ಒದ್ದೆ ಬಟ್ಟೆ ಡಬ್ಬಿ ಮೇಲೆ ಹಾಕು, ಒಳಗೆ ನೀರು ಹೋಗ್ದಿರೋ ಹಾಗೆ ನೋಡ್ಕೊ."

ಡಬ್ಬಿ ಬಿಚ್ಚಿ ಮೀಟರ್ ಇಟ್ರೆ ಎರಡನೇ ಕಲೆಕ್ಟರಲ್ಲಿ 7.9 ವೋಲ್ಟ್. ಮುಚ್ಚಿ, ಅವರು ಹೇಳಿದ ಹಾಗೇ ಒದ್ದೆ ಟವಲ್ ಹಾಕಿ ಫ್ಯಾನ್ ಕೆಳಗೆ ಇಟ್ವಿ. ಎಂಟು ಗಂಟೆಗೆ ನಾವು ಸ್ಟೇಜ್ ಹತ್ತೋ ಹೊತ್ತಿಗೆ ಸದ್ದು ಮುಕ್ಕಾಲು ಪಾಲು ವಾಪಸ್ ಬಂದಿತ್ತು, ಹೆಂಗೋ ನುಡಿಸಿದ್ವಿ.

ಮನೆಗೆ ಬಂದು ಕೂತು ಲೆಕ್ಕ ಹಾಕ್ದೆ. ಜರ್ಮೇನಿಯಂ ಸೋರಿಕೆ ಹೆಚ್ಚುಕಮ್ಮಿ ಪ್ರತಿ 10 ಡಿಗ್ರಿಗೆ ಎರಡು ಪಟ್ಟಾಗತ್ತೆ. 24ರಿಂದ 37ಕ್ಕೆ ಹೋದ್ರೆ ಸುಮಾರು ಎರಡೂವರೆ ಪಟ್ಟು. ಮೊದಲನೇ ಟ್ರಾನ್ಸಿಸ್ಟರಿಗೆ 33ಕೆ ಮೂಲಕ ಒಟ್ಟು ಸಿಗೋ ಕರೆಂಟೇ ಸುಮಾರು 250 ಮೈಕ್ರೋಆಂಪ್. ನಾನು ಹಾಕಿದ್ದು ರೂಮಲ್ಲೇ 150 ಸೋರ್ತಿದ್ದಿದ್ದು, ಬಿಸಿಲಲ್ಲಿ ಅದು 350 ದಾಟತ್ತೆ, ಅಂದ್ರೆ ಇರೋ ಕರೆಂಟೆಲ್ಲ ಸೋರಿಕೇನೇ ತಿಂದು ಮುಗಿಸಿ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿ ಕೂತುಬಿಡತ್ತೆ. ಅದರ ಕಲೆಕ್ಟರ್ ಎರಡನೇದರ ಬೇಸಿಗೆ ನೇರ ಕಟ್ಟಿರೋದ್ರಿಂದ ಎರಡನೇದು ಆಫ್, ಅದರ ವೋಲ್ಟೇಜ್ 9ರ ಕಡೆಗೆ ಓಡತ್ತೆ. ಜೋರಾಗಿ ಹೊಡೆದಾಗ ಮಾತ್ರ ಕ್ಷಣ ಹೊತ್ತು ಎಚ್ಚರ ಆಗೋದು, ಆ ಫಟ್ ಅನ್ನೋ ಸದ್ದು ಅದೇ. 6.9 ಬಂದಾಗಲೇ ಅದು ನಂಗೆ ಹೇಳ್ತಿತ್ತು, ನಾನು ಟ್ರಿಮ್‌ಪಾಟ್ ತಿರುಗಿಸಿ ಅದರ ಬಾಯಿ ಮುಚ್ಚಿಸಿದ್ದೆ.

ಬಾಟ್ಲಿಯಿಂದ ಆ 74ರದ್ದನ್ನ ಹುಡುಕಿ ತೆಗೆದೆ. ಸಾಕೆಟ್ ಇದ್ದಿದ್ದಕ್ಕೆ ಎರಡು ನಿಮಿಷದ ಕೆಲ್ಸ. ಹಳೇ 8.2ಕೆ ಇಟ್ಟು ನೋಡಿದ್ರೆ 5.7 ಬಂತು, ಅಲ್ಲೇ ವ್ಯತ್ಯಾಸ ಗೊತ್ತಾಯ್ತು. 11.4ಕೆ ಹತ್ರ ತಿರುಗಿಸಿದಾಗ 4.5. ಆಮೇಲೆ ಅಕ್ಕನ ಹೇರ್ ಡ್ರೈಯರ್ ಇಸ್ಕೊಂಡು, ಮೀಟರಿನ ಟೆಂಪರೇಚರ್ ಪ್ರೋಬ್ ಬೋರ್ಡಿಗೆ ಟೇಪ್ ಹಚ್ಚಿ, ಒಂದೊಂದೇ ಡಿಗ್ರಿ ಏರಿಸ್ತಾ ಬರ್ಕೊಂಡೆ. 37ಕ್ಕೆ 6.2 ಆಯ್ತು. ಜಾರತ್ತೆ, ಆದ್ರೆ ಸಾಯಲ್ಲ. ಹಾಗಾಗಿ ಥರ್ಮಿಸ್ಟರ್ ಹಾಕೋ ಬದಲು ಒಳಗಿದ್ದ ಟ್ರಿಮ್‌ಪಾಟ್ ತೆಗೆದು ಬಯಾಸ್ ಅಂತ ಒಂದು ಮೂರನೇ ನಾಬ್ ಡಬ್ಬಿ ಮೇಲೇ ತಂದೆ, ಬಿಸಿಲಿದ್ರೆ ಕಿವಿ ಕೇಳ್ಕೊಂಡು ಮೇಲಕ್ಕೆ ತಿರುಗಿಸೋದು, ಅಷ್ಟೆ. ಬೇಕಿದ್ರೆ ಆ ಪಟಪಟ ಸದ್ದನ್ನೂ ಬೇಕಂತಲೇ ತರ್ಬಹುದು, ಒಂದೊಂದು ರಿಫ್ಫಿಗೆ ಅದೂ ತುಂಬಾ ಚೆಂದ.

ಬಿಚ್ಚಿದ್ದು ಹೆಂಗೂ ಬಿಚ್ಚಿದೀನಿ ಅಂತ ಇನ್ನೂ ಒಂದಷ್ಟು ತಿದ್ದಿದೆ. 470 ಓಮ್ ಜಾಗಕ್ಕೆ 1ಕೆ ಹಾಕ್ದೆ, ಔಟ್‌ಪುಟ್ ಹೆಚ್ಚುಕಮ್ಮಿ ಎರಡರಷ್ಟಾಯ್ತು, ಮೊದಲು ವಾಲ್ಯೂಮ್ ಪೂರ್ತಿ ಇಟ್ರೂ ಡ್ರಮ್ಸ್ ಮುಂದೆ ಸಾಲ್ತಿರ್ಲಿಲ್ಲ. ಬ್ಯಾಂಡಲ್ಲಿ ನುಡಿಸ್ವಾಗ ತಳದಲ್ಲಿ ಗೊಜಗೊಜ ಅನ್ನಿಸ್ತಿದ್ದಿದ್ದಕ್ಕೆ ಇನ್‌ಪುಟ್ಟಿನ 2.2 ಮೈಕ್ರೋಫ್ಯಾರಡ್ಡನ್ನ 0.47ಕ್ಕೆ ಇಳಿಸಿದ್ದೆ, ಬಾಸ್ ಗಿಟಾರ್ ನುಡಿಸೋ ಗೆಳೆಯ ಖುಷಿಯಾದ, ಆದ್ರೆ ಒಬ್ನೇ ನುಡಿಸ್ವಾಗ ಆ ಪಾಕದಂಥ ದಪ್ಪ ಹೋಗಿತ್ತು, ಎರಡು ದಿನ ತಡ್ಕೊಂಡು ಕೊನೆಗೆ 1 ಮೈಕ್ರೋಫ್ಯಾರಡ್ಡಿಗೆ ನಿಂತೆ. ಫಜ್ ಪಾಟ್ ಮಾಮೂಲಿ ಲೀನಿಯರ್ ಇದ್ರೆ ಎಲ್ಲಾ ಬದಲಾವಣೆ ಕೊನೇ ಚೂರಲ್ಲೇ ಆಗತ್ತೆ, ರಿವರ್ಸ್ ಲಾಗ್ 1ಕೆ ಸಿಕ್ಕಿದ್ರೆ ಬಿಡ್ಬೇಡಿ. ಸಿಲಿಕಾನ್ ಬಿಸಿ108 ಹಾಕಿ ಎನ್‌ಪಿಎನ್ ಆವೃತ್ತಿನೂ ಒಂದು ಕಟ್ಟಿದೆ, ಆರ್ಬಿಟರಿನೋರೂ ಆಮೇಲೆ ಅದಕ್ಕೇ ಹೋದ್ರು. ಬಿಸಿಲಿಗೆ ಜಗ್ಗಲ್ಲ, ಗೇನ್ ಜಾಸ್ತಿ, ಆದ್ರೆ ಅಂಚು ಹರಿತ, ಮೇಲಾಗಿ ಯಾವುದೋ ರೇಡಿಯೋ ಸ್ಟೇಷನ್ ಸಣ್ಣಗೆ ಮಾತಾಡೋದು ಕೇಳಿಸ್ತಿತ್ತು, ಬೇಸ್-ಕಲೆಕ್ಟರ್ ಮಧ್ಯ 100 ಪಿಕೋಫ್ಯಾರಡ್ ಹಾಕಿದ್ಮೇಲೆ ನಿಲ್ತು. ಒಳ್ಳೇ ಪೆಡಲೇ, ನಾನು ಅದನ್ನ ಗೆಳೆಯನಿಗೆ ಕೊಟ್ಬಿಟ್ಟೆ.

ಜೂನಲ್ಲಿ ಪೆಡಲ್ಲು, ಗಿಟಾರು, ಚಿಕ್ಕ ಆಂಪು ತಗೊಂಡು ತಿಪಟೂರಿಗೆ ಹೋದೆ. ದೊಡ್ಡಪ್ಪ ಜಗಲಿ ಮೇಲೆ ಕೂತು ಕೇಳಿದ್ರು. ಮೊದಲ ನೋಟಿಗೇ ಕೈ ತಾನಾಗೇ ನಾಬ್ ಕಡೆ ಹೋಯ್ತು, ಫಜ್ ಕಮ್ಮಿ ಮಾಡೋಕೆ. ಆಮೇಲೆ ತಡೆದು, "ಇಲ್ಲ ಇಲ್ಲ, ನುಡಿಸು" ಅಂದ್ರು. ನಾನು ಗಿಟಾರ್ ವಾಲ್ಯೂಮ್ ಇಳಿಸ್ತಾ ಏರಿಸ್ತಾ ನುಡಿಸ್ತಿದ್ದೆ, ಅವರು ಕಣ್ಣು ಮುಚ್ಚಿ, ಬಯಾಸ್ ನಾಬನ್ನ ಎರಡೇ ಬೆರಳಲ್ಲಿ ಹಿಡಿದು ಚೂರುಚೂರೇ ತಿರುಗಿಸ್ತಾ ಹೋದ್ರು, ಒಂದು ಜಾಗದಲ್ಲಿ ಕೈ ನಿಲ್ತು. ನಂಗೂ ಅನ್ನಿಸ್ತು, ಇದೇ ಅಂತ. "ಮೀಟರ್ ಕೊಡು" ಅಂದ್ರು. 4.7 ಇತ್ತು.

"ಪುಸ್ತಕದಲ್ಲಿ 4.5 ಅಂತಿದೆ, ದೊಡ್ಡಪ್ಪ."

"ಇರ್ಲಿ ಬಿಡು" ಅಂತ ಒಳಗೆ ಹೋಗಿ ಪೆನ್ಸಿಲ್ ತಂದ್ರು. ಡಬ್ಬಿಯ ಹಿಂದಿನ ಮುಚ್ಚಳ ಮಡಿಲಲ್ಲಿಟ್ಕೊಂಡು, ಒಳಗಡೆ ನಾನು ಅಂಟಿಸಿದ್ದ ಕಾಗದದ ಮೇಲೆ ಸಣ್ಣಕ್ಷರದಲ್ಲಿ ಬರೆದ್ರು: ತಾರೀಖು, ಎರಡೂ ಟ್ರಾನ್ಸಿಸ್ಟರಿನ ಗೇನು, ಸೋರಿಕೆ, 4.7 ವೋಲ್ಟ್, 26 ಡಿಗ್ರಿ.